ನಾನು ಬರೆದ ತೊಂಬತ್ತೈದು

ಎರಡನೇ ಅಲೆಯಲ್ಲಿ ನನಗೆ ಕೊರೋನಾ ಬಂದದ್ದು, ಹನ್ನೊಂದು ದಿನ ಆಕ್ಸಿಜನ್ ಹಾಕಿಸಿಕೊಂಡು ಮಲಗಿದ್ದದ್ದು, ಬದುಕಿ ಮನೆಗೆ ಬಂದದ್ದು ನಮ್ಮ ಬಳಗಕ್ಕೆಲ್ಲ ಗೊತ್ತು. ನೋಡಲು ಬಂದವರೆಲ್ಲ "ದೇವರು ದೊಡ್ಡವನು" ಅಂದು ಚಹಾ ಕುಡಿದು ಹೋಗಿದ್ದಾರೆ. ಆ ಹನ್ನೊಂದು ದಿನ ನನಗೆ ಎರಡು ಭಯಗಳಿದ್ದವು. ಒಂದು, ನಾನು ಸಾಯುತ್ತೇನೆ ಅನ್ನುವುದು. ಇನ್ನೊಂದು, ಶಾಮನೂರಿನ ಹಾಲೇಶಪ್ಪ ಅನ್ನುವ, ನಾನು ಮುಖವನ್ನೇ ನೋಡದ ಒಬ್ಬ ಮನುಷ್ಯ ನನ್ನಿಂದ ಸತ್ತಿರಬಹುದು ಅನ್ನುವುದು. ಮೊದಲನೆಯದನ್ನು ಎಲ್ಲರಿಗೂ ಹೇಳಿದ್ದೇನೆ. ಎರಡನೆಯದನ್ನು ಬಹಳ ಕಾಲ ನನ್ನ ಗಂಡನಿಗೂ ಹೇಳಿರಲಿಲ್ಲ.

ನಾನು ಸರ್ಕಾರಿ ಪ್ರಾಥಮಿಕ ಶಾಲೆಯ ಶಿಕ್ಷಕಿ. ಮನೆ ಹರಿಹರದಲ್ಲಿ, ಶಾಲೆ ದಾವಣಗೆರೆಯಲ್ಲಿ. ಗಂಡ ನಾಗರಾಜ್ ಹರಿಹರದಲ್ಲೇ ಲೇತ್ ಅಂಗಡಿ ಇಟ್ಟುಕೊಂಡಿದ್ದಾರೆ. ಆ ಬೇಸಿಗೆ ಶಾಲೆ ಮುಚ್ಚಿದ್ದರಿಂದ ನಮ್ಮಂಥ ಇಪ್ಪತ್ತು ಜನ ಶಿಕ್ಷಕರನ್ನು ದಾವಣಗೆರೆಯ ಒಂದು ಕಾಲೇಜಿನ ಹಾಲಿನಲ್ಲಿ ಕೂರಿಸಿದರು. ಮನೆಯಲ್ಲೇ ಇದ್ದು ಮಾತ್ರೆ ತೆಗೆದುಕೊಳ್ಳುತ್ತಿದ್ದ ರೋಗಿಗಳಿಗೆ ನಾವು ದಿನಾ ಫೋನ್ ಮಾಡಬೇಕು. ಜ್ವರ ಇದೆಯಾ, ಕೆಮ್ಮು ಇದೆಯಾ, ಬೆರಳಿಗೆ ಹಾಕುವ ಮೀಟರ್ ಎಷ್ಟು ತೋರಿಸುತ್ತಿದೆ ಅಂತ ಕೇಳಿ ಕಂಪ್ಯೂಟರಿನಲ್ಲಿ ತುಂಬಬೇಕು. ತೊಂಬತ್ನಾಲ್ಕಕ್ಕಿಂತ ಕೆಳಗೆ ಇಳಿದವರ ಹೆಸರನ್ನು ಮೇಲಕ್ಕೆ ಕಳಿಸಬೇಕು, ಅವರಿಗೆ ಆಸ್ಪತ್ರೆಯಲ್ಲಿ ಹಾಸಿಗೆ ಕೊಡುತ್ತಾರೆ. ಅನಗತ್ಯವಾಗಿ ಯಾರೂ ಆಸ್ಪತ್ರೆಗೆ ಬರದಂತೆ ನೋಡಿಕೊಳ್ಳಿ ಅನ್ನುವುದೂ ನಮಗಿದ್ದ ಸೂಚನೆ.

ಮೊದಲ ವಾರ ನನ್ನ ಪಟ್ಟಿಯಲ್ಲಿ ನಲವತ್ತು ಹೆಸರಿದ್ದವು. ಎರಡನೇ ವಾರಕ್ಕೆ ನೂರು ದಾಟಿತು. ಸಂಜೆ ನಾಲ್ಕರ ಹೊತ್ತಿಗೆ ಖಾಲಿ ಉಳಿದ ಕಾಲಂ ಪರದೆಯ ಮೇಲೆ ಕೆಂಪಗಾಗುತ್ತಿತ್ತು. ಐದಕ್ಕೆ ಮೇಲಿನವರ ಮೀಟಿಂಗ್. ಅಲ್ಲಿ ಕೆಂಪು ಕಂಡರೆ ಮರುದಿನ ನಮಗೆ ಕಾರಣ ಕೇಳಿ ನೋಟಿಸ್. ರೋಗಿಗಳು ಹೇಗಿದ್ದಾರೆ ಅಂತ ಒಬ್ಬರೂ ನಮ್ಮನ್ನು ಕೇಳಲಿಲ್ಲ. ಕೆಂಪು ಎಷ್ಟು ಉಳಿದಿದೆ ಅಂತ ಮಾತ್ರ ಕೇಳಿದರು. ನಮ್ಮ ಮೇಲ್ವಿಚಾರಕರಾಗಿದ್ದ ಚಂದ್ರಪ್ಪ ಸರ್ ಕೂಡ ಒಬ್ಬ ಹೆಡ್‌ಮಾಸ್ತರು, ನಿವೃತ್ತಿಗೆ ಎರಡು ವರ್ಷ ಬಾಕಿ ಇದ್ದ ಸಾಧು ಮನುಷ್ಯ. ಒಂದು ಸಂಜೆ ನನ್ನ ಹಿಂದೆ ಬಂದು ನಿಂತು ಮೆಲ್ಲಗೆ ಹೇಳಿದರು.

"ಖಾಲಿ ಬಿಡಬ್ಯಾಡ್ರಿ ಮೇಡಂ. ಫೋನ್ ಎತ್ತದಿದ್ರೆ ನಿನ್ನೇದು ಐತಲ್ಲ, ಅದನ್ನೇ ಹಾಕ್ರಿ. ಬೀಸೋ ದೊಣ್ಣೆ ತಪ್ಪಿದ್ರೆ ಸಾವಿರ ವರ್ಷ ಆಯಸ್ಸು."

ನಮಗೆ ಇದೇನೂ ಹೊಸ ವಿದ್ಯೆಯಲ್ಲ. ನಮ್ಮ ಶಾಲೆಯಲ್ಲಿ ಮಕ್ಕಳ ತೂಕ ಬರೆಯುವ ರಿಜಿಸ್ಟರ್ ಇದೆ. ತೂಕದ ಯಂತ್ರ ಕೆಟ್ಟು ಒಂದು ವರ್ಷವಾಗಿದ್ದರೂ ಪ್ರತಿ ಮಗುವಿನ ತೂಕ ತಿಂಗಳಿಗೆ ಕಾಲು ಕಿಲೋದಂತೆ ಏರುತ್ತಲೇ ಇರುತ್ತದೆ. ತಪಾಸಣೆಗೆ ಬಂದವರು ನೋಡಿ, ಸಂತೋಷಪಟ್ಟು, ಸಹಿ ಮಾಡಿ ಹೋಗುತ್ತಾರೆ. ಅದರಿಂದ ಯಾವ ಮಗುವಿಗೂ ಏನೂ ಆಗಿಲ್ಲ. ಆ ಅಭ್ಯಾಸದ ಕೈಯೇ ಇಲ್ಲೂ ಓಡಿತು.

ಹಾಲೇಶಪ್ಪ ಮಂಡಕ್ಕಿ ಭಟ್ಟಿಯಲ್ಲಿ ಕೆಲಸ ಮಾಡುವವರು. ಮೂರು ದಿನ ಅವರೊಡನೆ ಮಾತಾಡಿದ್ದೆ. ತೊಂಬತ್ತಾರು, ತೊಂಬತ್ತಾರು, ತೊಂಬತ್ತೈದು. ಕೆಮ್ಮು ಇದೆಯಾ ಅಂದರೆ, "ಭಟ್ಟಿ ಹೊಗೆ ಕುಡಿದ ಎದೆ ಅಕ್ಕೋರೆ, ಕೆಮ್ಮು ಇದ್ದದ್ದೇ" ಅಂದು ನಕ್ಕಿದ್ದರು. ನಾನು ಟೀಚರ್ ಅಂತ ಗೊತ್ತಾದ ಮೇಲೆ ಅಕ್ಕೋರೆ ಅನ್ನುವುದನ್ನು ಬಿಡಲೇ ಇಲ್ಲ. ಮೂರನೇ ದಿನ, "ಆಸ್ಪತ್ರೆಗೆ ಬರಬೇಕೇನ್ರಿ?" ಅಂತ ಕೇಳಿದರು. "ಬ್ಯಾಡ್ರಿ. ಅಲ್ಲಿಗೆ ಹೋದ್ರೆ ಇಲ್ಲದ್ದೂ ಅಂಟಿಕೊಳ್ಳುತ್ತೆ. ನಾನೇ ದಿನಾ ಫೋನ್ ಮಾಡ್ತೀನಿ, ಹೋಗಬೇಕಾದಾಗ ನಾನೇ ಹೇಳ್ತೀನಿ" ಅಂದೆ. ಅವರು ನನ್ನ ನಂಬರನ್ನು ಬರೆದುಕೊಂಡರು. ಅಷ್ಟು ಮರ್ಯಾದೆಯಿಂದ ಮಾತಾಡುವ ಮನುಷ್ಯ ಅಂತ ನಾನೂ ಅವರದನ್ನು ಹೆಸರಿನ ಸಮೇತ ಉಳಿಸಿಕೊಂಡೆ.

ಅವರ ನಾಲ್ಕನೇ ದಿನದ ಹೊತ್ತಿಗೆ ನನ್ನ ಪಟ್ಟಿಯಲ್ಲಿ ನೂರಾ ನಲವತ್ತು ಜನ. ಮೂರೂವರೆಗೆ ನೋಡಿದರೆ ಇನ್ನೂ ಐವತ್ತು ಕಾಲಂ ಖಾಲಿ. ಕಷ್ಟ ಹೇಳಿಕೊಂಡು ಅಳುವವರಿಗೆ ಫೋನ್ ಮಾಡಿದೆ, ನಗುನಗುತ್ತಾ ಮಾತಾಡುವವರನ್ನು ಬಿಟ್ಟೆ. ಹಾಲೇಶಪ್ಪನವರ ಮುಂದೆ ತೊಂಬತ್ತೈದು ಅಂತ ಬರೆದೆ. ಐದನೇ ದಿನವೂ ತೊಂಬತ್ತೈದು. ಆರನೇ ದಿನ ನನಗೇ ಜ್ವರ ಬಂದು ಮನೆಯಲ್ಲಿ ಮಲಗಿದೆ, ಫೋನಿನ ಸದ್ದು ತೆಗೆದಿಟ್ಟಿದ್ದೆ. ಸಂಜೆ ನೋಡಿದಾಗ ಅವರಿಂದ ಎರಡು ಕರೆ ಬಂದಿದ್ದವು. ನಾಳೆ ಮಾಡಿದರಾಯಿತು ಅಂದುಕೊಂಡೆ.

ಹರಿಹರದಲ್ಲೇ ಮೂಗಿಗೆ ಕಡ್ಡಿ ಹಾಕಿಸಿಕೊಂಡು ಬಂದೆ. ಎರಡು ದಿನ ಕಳೆದು ಪಾಸಿಟಿವ್ ಅಂತ ಮೆಸೇಜ್ ಬಂತು. ಊರಿಗೆ ಬಂದವಳು ನೀರಿಗೆ ಬರದೆ ಇರುತ್ತಾಳೆಯೇ ಅಂತ ನಾನೇ ತಮಾಷೆ ಮಾಡಿದೆ. ಮಗಳನ್ನು ನಿಜಲಿಂಗಪ್ಪ ಬಡಾವಣೆಯಲ್ಲಿರುವ ತಂಗಿಯ ಮನೆಗೆ ಕಳಿಸಿ, ಹಿಂದಿನ ಕೋಣೆ ಸೇರಿದೆ. ನಾಗರಾಜ್ ಬಾಗಿಲ ಹೊರಗೆ ತಟ್ಟೆ ಇಟ್ಟು ಹೋಗುತ್ತಿದ್ದರು. ನಮ್ಮ ತಾಲೂಕಿನ ಪಟ್ಟಿಯವರು ಯಾರೋ ಒಂದು ದಿನ ಫೋನ್ ಮಾಡಿ ವಿಚಾರಿಸಿದರು. ಆಮೇಲೆ ಮಾಡಲಿಲ್ಲ. ಪಾಪ, ಅವರಿಗೂ ಎಷ್ಟು ಹೆಸರಿದ್ದಾವೋ ಅಂದುಕೊಂಡೆ. ನನ್ನ ವೃತ್ತಿಯವರ ಮೇಲೆ ನನಗೆ ಕನಿಕರವೇ ಇತ್ತು.

ನನಗೆ ಜ್ವರ ಬಂದ ಏಳನೇ ದಿನ ಬಚ್ಚಲಿಗೆ ಹೋಗಿ ಬರುವಷ್ಟರಲ್ಲಿ ಗೋಡೆ ಹಿಡಿದು ಕೂತೆ. ಉಸಿರು ಗಂಟಲಿಗೇ ಬಂದು ನಿಂತಂತಾಗಿ ಕೆಳಗೆ ಇಳಿಯಲಿಲ್ಲ. ಮೀಟರ್ ಎಂಬತ್ತಾರು ತೋರಿಸಿತು. ಬೆರಳು ಒರೆಸಿಕೊಂಡು ಮತ್ತೆ ಹಾಕಿದೆ, ಎಂಬತ್ತಾರೇ. ನಾಗರಾಜ್ ಕೋಣೆಯ ಹೊಸ್ತಿಲಲ್ಲಿ ನಿಂತು, ನನಗೂ ಕೇಳುವಂತೆ ಸ್ಪೀಕರ್ ಹಾಕಿ, ಹಾಸಿಗೆಗಾಗಿ ಸಹಾಯವಾಣಿಗೆ ಫೋನ್ ಮಾಡಿದರು. ಆ ಕಡೆಯ ಹುಡುಗಿ ನನ್ನ ಹೆಸರು, ನಂಬರು ಕೇಳಿ ಕಂಪ್ಯೂಟರ್ ನೋಡಿದಳು.

"ಸರ್, ಇವರದು ಇವತ್ತು ಬೆಳಿಗ್ಗೆ ತೊಂಬತ್ತಾರು ಐತಲ್ರಿ. ನಿನ್ನೇನೂ ತೊಂಬತ್ತಾರು. ಅಡ್ಡಿ ಇಲ್ಲ, ಮನೇಲೇ ಇರ್ಲಿ."

"ಯಾರು ಹೇಳಿದ್ರಮ್ಮ ತೊಂಬತ್ತಾರು? ಇವಳು ಕಣ್ಣು ಮೇಲೆ ಮಾಡ್ತಿದಾಳೆ, ಎಂಬತ್ತಾರು ತೋರಿಸ್ತೈತೆ."

"ಇಲ್ಲಿ ಹಂಗೇ ಐತ್ರಿ. ಇದರಾಗೆ ಬದಲಾಗೋ ತನಕ ನಾವು ಹಾಸಿಗೆ ಕೊಡಂಗಿಲ್ಲ."

ನಾಗರಾಜ್ ಯಾವತ್ತೂ ಕೆಟ್ಟ ಮಾತು ಆಡಿದವರಲ್ಲ, ಅವತ್ತು ಆಡಿದರು. ನಾನು ಗೋಡೆಗೆ ಒರಗಿದ್ದೆ. ನಾನು ಹೆದರಿದ್ದು ಎಂಬತ್ತಾರಕ್ಕಲ್ಲ. ಆ ತೊಂಬತ್ತಾರು ಹೇಗೆ ಹುಟ್ಟಿತು, ಎಷ್ಟು ಗಂಟೆಗೆ ಹುಟ್ಟಿತು, ಬರೆದವರು ಯಾವ ಹೆಸರನ್ನು ಬಿಟ್ಟು ಯಾವ ಹೆಸರಿಗೆ ಹೋದರು, ಎಲ್ಲವೂ ನನಗೆ ಗೊತ್ತಿತ್ತು. ಮಾಡಿದ್ದುಣ್ಣೋ ಮಹಾರಾಯ ಅಂತ ನಮ್ಮವ್ವ ಅನ್ನುತ್ತಿದ್ದಳು. ಉಣ್ಣುವುದು ನಾನಾದರೆ ಆಗಲಿ, ಆ ಮನುಷ್ಯ ಯಾಕೆ ಉಣ್ಣಬೇಕು ಅನ್ನಿಸಿತು. ಎರಡು ಕರೆ ಮಾಡಿದ್ದರಲ್ಲ, ಅವರಿಗೆ ಎಷ್ಟಕ್ಕೆ ಇಳಿದಿತ್ತೋ.

ಲೇತ್ ಅಂಗಡಿಗೆ ಸಾಮಾನು ತರುವ ಗೂಡ್ಸ್ ಆಟೋದಲ್ಲಿ ಹಾಸಿಗೆ ಹಾಸಿ ನನ್ನನ್ನು ದಾವಣಗೆರೆಗೆ ಕರೆತಂದರು. ಆಸ್ಪತ್ರೆಯ ಅಂಗಳದಲ್ಲಿ ಶಾಮಿಯಾನ ಹಾಕಿದ್ದರು, ಮದುವೆಯ ಮನೆಯಲ್ಲಿ ಹಾಕುತ್ತಾರಲ್ಲ, ಅಂಥದ್ದೇ ಬಣ್ಣದ್ದು. ಅದರ ಕೆಳಗೆ ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಜನ ಬಾಯಿ ತೆರೆದುಕೊಂಡು ಕೂತಿದ್ದರು. ಯಾರೂ ಮಾತಾಡುತ್ತಿರಲಿಲ್ಲ, ಮಾತಿಗೆ ಖರ್ಚು ಮಾಡುವಷ್ಟು ಉಸಿರು ಯಾರಲ್ಲೂ ಇರಲಿಲ್ಲ. ಎರಡು ತಾಸು ಕಾದೆವು. ನಮ್ಮ ಮುಂದಿನ ಸಾಲಿನಲ್ಲಿದ್ದ ಒಬ್ಬರು ಕುರ್ಚಿಯಲ್ಲೇ ವಾಲಿದರು, ಅವರ ಮಗ "ಅಪ್ಪಾಜಿ, ಅಪ್ಪಾಜಿ" ಅಂತ ಭುಜ ಅಲುಗಾಡಿಸಿದ. ನಾನು ಕಣ್ಣು ಮುಚ್ಚಿಕೊಂಡೆ. ಮುಂದಿನ ಸರದಿ ನನ್ನದೇ ಅನ್ನುವುದರಲ್ಲಿ ನನಗೆ ಅನುಮಾನವೇ ಉಳಿಯಲಿಲ್ಲ.

ಮೇಜಿನ ಹತ್ತಿರ ಕೂತವರು ಅಲ್ಲೂ ಪರದೆ ನೋಡಿ ಅದೇ ತೊಂಬತ್ತಾರು ಅಂದರು. ನಾಗರಾಜ್ ಕೈ ಮುಗಿದು ನಿಂತುಬಿಟ್ಟರು. ಆಗ ಒಳಗಿಂದ ಬಂದ ನರ್ಸ್ ಒಬ್ಬರು ನೀಲಿಗಟ್ಟಿದ ನನ್ನ ತುಟಿ ನೋಡಿ ಹತ್ತಿರ ಬಂದರು. "ಅದರಾಗೆ ಏನಾರ ಇರ್ಲಿ, ಬೆರಳು ಕೊಡ್ರಿ ಅಕ್ಕಾ" ಅಂದರು. ಮೀಟರ್ ನೋಡಿದವರೇ ಯಾರನ್ನೂ ಕೇಳದೆ ಸ್ಟ್ರೆಚರ್ ತರಿಸಿದರು. ಅವರ ಮುಖ ಅರ್ಧ ಮುಚ್ಚಿತ್ತು, ಇವತ್ತು ಎದುರಿಗೆ ಬಂದರೂ ಗುರುತು ಸಿಗುವುದಿಲ್ಲ. ನಾನು ಬದುಕಿದ್ದು ಅವರು ಪರದೆ ನೋಡದೆ ನನ್ನನ್ನು ನೋಡಿದ್ದಕ್ಕೆ.

ವಾರ್ಡಿನ ಹನ್ನೊಂದು ದಿನಗಳನ್ನು ವಿವರವಾಗಿ ಬರೆಯಲು ನನ್ನಿಂದಾಗದು. ನನ್ನ ಎಡಗಡೆಯ ಹಾಸಿಗೆಯಲ್ಲಿ ನಾಲ್ಕು ದಿನದಲ್ಲಿ ಮೂವರು ಬದಲಾದರು. ಹೊದಿಕೆ ಬದಲಿಸುವಾಗ ಸಿಬ್ಬಂದಿ ನಮ್ಮ ಕಡೆಗೆ ಬೆನ್ನು ಮಾಡಿ ನಿಲ್ಲುತ್ತಿದ್ದರು, ನಾವು ನೋಡಬಾರದು ಅಂತ. ಬಲಗಡೆ ಇದ್ದ ಬಳೆ ವ್ಯಾಪಾರದ ಶಕುಂತಲಮ್ಮ ನನಗೆ ಬೋರಲು ಮಲಗುವುದನ್ನು ಕಲಿಸಿದರು. "ಹೊಟ್ಟೆ ಮ್ಯಾಲೆ ಮಲಗು ತಾಯಿ, ನೀ ಕೂಸಾಗಿದ್ದಾಗ ಮಲಗಿದಂಗೆ" ಅನ್ನುತ್ತಿದ್ದರು. ಅವರು ನನಗಿಂತ ಎರಡು ದಿನ ಮುಂಚೆ ನಡೆದುಕೊಂಡೇ ಮನೆಗೆ ಹೋದರು. ಅವತ್ತು ಮೊದಲ ಸಲ ನಾನೂ ಮನೆಗೆ ಹೋಗಬಹುದೇನೋ ಅನ್ನಿಸಿತು.

ಫೋನ್ ನನ್ನ ದಿಂಬಿನ ಕೆಳಗೇ ಇತ್ತು. ಅದರಲ್ಲಿ ಹಾಲೇಶಪ್ಪ ಶಾಮನೂರು ಅನ್ನುವ ಹೆಸರಿತ್ತು. ಎಷ್ಟೋ ಸಲ ತೆಗೆದು ಹೆಸರು ನೋಡಿ, ಒತ್ತದೆ ಇಟ್ಟಿದ್ದೇನೆ. ಮಾತಾಡಲು ಉಸಿರಿಲ್ಲ ಅಂತ ಮೊದಮೊದಲು ನೆಪ ಹೇಳಿಕೊಂಡೆ. ಮಾಸ್ಕ್ ತೆಗೆದ ಮೇಲೂ ಮಾಡಲಿಲ್ಲ. ಅವರೇ ಎತ್ತಿ "ಹೇಳ್ರಿ ಅಕ್ಕೋರೆ" ಅಂದುಬಿಟ್ಟರೆ ಎಷ್ಟು ಚೆಂದ ಅಂದುಕೊಳ್ಳುತ್ತಿದ್ದೆ. ಬೇರೆ ಯಾರಾದರೂ ಎತ್ತಿದರೆ ಅನ್ನುವ ಯೋಚನೆ ಬಂದೊಡನೆ ಫೋನನ್ನು ಮತ್ತೆ ದಿಂಬಿನ ಕೆಳಗೆ ತಳ್ಳುತ್ತಿದ್ದೆ. ನನಗೆ ಸಾವಿನ ಭಯಕ್ಕಿಂತ ಈ ಭಯ ದೊಡ್ಡದಿತ್ತು ಅಂದರೆ ಸುಳ್ಳಾಗುತ್ತದೆ. ಎರಡೂ ಇದ್ದವು, ಒಂದು ಸುಮ್ಮನಾದಾಗ ಇನ್ನೊಂದು ಏಳುತ್ತಿತ್ತು.

ಮನೆಗೆ ಬಂದೆ. ಕೂದಲು ಉದುರಿತು, ಆಮೇಲೆ ಬಂತು. ಶಾಲೆ ತೆರೆದ ಮೇಲೆ ಬೋರ್ಡಿನ ಮೇಲೆ ನಾಲ್ಕು ಸಾಲು ಬರೆದು ಕುರ್ಚಿ ಹಿಡಿದು ನಿಲ್ಲುತ್ತಿದ್ದೆ. ಈಗಲೂ ಮೆಟ್ಟಿಲು ಹತ್ತುವಾಗ ನಡುವೆ ಒಮ್ಮೆ ನಿಲ್ಲುತ್ತೇನೆ. ಇದನ್ನೆಲ್ಲ ಸಹಿಸಿಕೊಳ್ಳಬಹುದು. ಶಾಮನೂರಿನ ಕಡೆ ಹೋಗುವ ಬಸ್ ಕಂಡರೆ ಮುಖ ತಿರುಗಿಸುವುದು ಮಾತ್ರ ನಿಲ್ಲಲಿಲ್ಲ.

ಒಂದು ಮಧ್ಯಾಹ್ನ ಶಾಲೆಯಲ್ಲಿದ್ದಾಗ ಚಂದ್ರಪ್ಪ ಸರ್ ಫೋನ್ ಬಂತು. ಆರೋಗ್ಯ ವಿಚಾರಿಸಿದ ಮೇಲೆ ವಿಷಯಕ್ಕೆ ಬಂದರು.

"ಶಾಮನೂರಿನ ರತ್ನಮ್ಮ ಅಂತ ಒಬ್ಬಾಕಿ ಅರ್ಜಿ ಕೊಟ್ಟಾರ್ರಿ. ಗಂಡ ತೀರಿಕೊಂಡಾರೆ, ಯಾರೂ ವಿಚಾರಿಸಲಿಲ್ಲ ಅಂತ. ಮೊದಲ್ನೇ ಸಲ ಉತ್ತರ ಕೊಟ್ಟು ಮುಗಿಸಿದ್ರು, ಈಗ ವಿಚಾರಣೆ ಆಗಬೇಕು ಅಂತ ಮತ್ತೆ ಬರೆದಾರೆ. ಪಟ್ಟಿ ನಿಮ್ಮ ಹೆಸರಿನಾಗೆ ಐತೆ. ದಿನಾ ಕರೆ ಮಾಡಿದ್ದು ನಿಜ ಅಂತ ಒಂದು ದೃಢೀಕರಣ ಬರಕೊಟ್ಟುಬಿಡ್ರಿ. ಎರಡು ಸಾಲು ಸಾಕು."

ಗಂಡನ ಹೆಸರೇನು ಅಂತ ನಾನು ಕೇಳಲಿಲ್ಲ. ಅವರೇ ಹೇಳಿದರು. ತರಗತಿಯಲ್ಲಿ ಮಕ್ಕಳು ಮಗ್ಗಿ ಹೇಳುತ್ತಿದ್ದರು, ನಾನು ಹೊರಗೆ ಜಗಲಿಯ ಮೇಲೆ ಕೂತುಬಿಟ್ಟೆ.

ಅವತ್ತು ನಾಗರಾಜ್‌ಗೆ ಎಲ್ಲವನ್ನೂ ಹೇಳಿದೆ. ಊಟದ ತಟ್ಟೆ ಹಾಗೇ ಇಟ್ಟುಕೊಂಡು ಕೇಳಿದರು. "ಎಲ್ಲಾರೂ ಬರೆದಾರೆ. ನೀನೊಬ್ಬಳೇ ಯಾಕ ಕೊರಳು ಕೊಡ್ತೀ? ನೌಕರಿಗೆ ಕುತ್ತು ಬಂದ್ರೆ?" ಅಂದರು. ಅದು ನನ್ನ ಮನಸ್ಸಿನ ಮಾತೇ ಆಗಿತ್ತು. ನಿಜ ಬರೆದುಕೊಟ್ಟರೆ ಅಮಾನತು, ಸರ್ ಕೇಳಿದ ಎರಡು ಸಾಲು ಬರೆದರೆ ಸುಖನಿದ್ದೆ ಅಂತ ಲೆಕ್ಕ ಹಾಕಿದ್ದೆ. ಕೈ ತೊಳೆದು ಬಂದು ಅವರೇ ಮತ್ತೆ ಬಾಯಿ ತೆರೆದರು. "ನಿನಗೂ ಯಾವನೋ ತೊಂಬತ್ತಾರು ಬರೆದಿದ್ನಲ್ಲ. ನೀ ಹೋಗಿಬಿಟ್ಟಿದ್ರೆ ನಾನೂ ಆ ಹೆಣ್ಮಗಳಂಗೇ ಅರ್ಜಿ ಹಿಡ್ಕಂಡು ತಿರುಗ್ತಿದ್ದೆ." ಭಾನುವಾರ ಬೈಕಿನಲ್ಲಿ ನನ್ನನ್ನು ಶಾಮನೂರಿಗೆ ಕರೆದುಕೊಂಡು ಹೋದರು.

ಹೊಸ ಬಡಾವಣೆಗಳ ಹಿಂದೆ, ಹಳೇ ಊರಿನ ಒಂದು ಓಣಿಯಲ್ಲಿ ಅವರ ಮನೆ. ರತ್ನಮ್ಮನಿಗೆ ನನಗಿಂತ ನಾಲ್ಕೈದು ವರ್ಷ ಕಡಿಮೆ ಇರಬಹುದು. ಫೋನ್ ಮಾಡುತ್ತಿದ್ದ ಟೀಚರ್ ನಾನೇ ಅಂದೆ. ಬಾಗಿಲು ಹಾಕಿಕೊಳ್ಳುತ್ತಾರೆ ಅಂದುಕೊಂಡಿದ್ದೆ. "ಒಳಗೆ ಬರ್ರಿ, ಕೂಡ್ರಿ" ಅಂದರು. ನಾಗರಾಜ್ ಹೊರಗೆ ಬೈಕಿನ ಹತ್ತಿರವೇ ನಿಂತರು.

ನಾನು ಕೇಳದೆಯೇ ಅವರು ಹೇಳುತ್ತಾ ಹೋದರು, ಎಷ್ಟೋ ಸಲ ಹೇಳಿ ಸವೆದ ದನಿಯಲ್ಲಿ. "ನಾಲ್ಕನೇ ದಿನ ತೊಂಬತ್ತೆರಡು ತೋರಿಸ್ತು. ಹೋಗಣ ಬರ್ರಿ ಅಂದೆ. ಅಕ್ಕೋರು ಫೋನ್ ಮಾಡ್ತಾರೆ, ಅವರು ಹೇಳಿದ ಮ್ಯಾಲೆ ಹೋಗಣ ಅಂದ್ರು. ಚಾರ್ಜ್ ಹೋಗಬಾರದು ಅಂತ ಫೋನಿಗೆ ವೈರ್ ಹಾಕ್ಕಂಡೇ ಮಲಗಿದ್ರು. ಐದನೇ ದಿನ ಎಂಬತ್ತೆಂಟು. ಆರನೇ ದಿನ ನಾನೇ ನಿಮಗೆ ಎರಡು ಸಲ ಮಾಡಿದೆ. ಸಹಾಯವಾಣಿಗೆ ಮಾಡಿದ್ರೆ, ನಿಮ್ಮವರದು ತೊಂಬತ್ತೈದು ಐತಲ್ಲಮ್ಮ ಅಂದ್ರು. ಪಕ್ಕದ ಮನೆಯವರ ಆಟೋದಾಗೆ ಹಾಕ್ಕಂಡು ಹೊಂಟ್ವಿ. ಆಸ್ಪತ್ರೆ ಗೇಟಿನ ಹತ್ರಾನೇ ಉಸಿರು ಬಿಟ್ರು."

ಎದ್ದು ಒಳಗಿನಿಂದ ಎರಡು ಕಾಗದ ತಂದರು. ಒಂದು ಸರ್ಕಾರದ ಉತ್ತರ. ರೋಗಿಯನ್ನು ಪ್ರತಿದಿನ ಸಂಪರ್ಕಿಸಲಾಗಿದೆ, ಆಮ್ಲಜನಕದ ಮಟ್ಟ ತೃಪ್ತಿಕರವಾಗಿತ್ತು, ಸ್ಥಿತಿ ಬಿಗಡಾಯಿಸಿದ್ದನ್ನು ಕುಟುಂಬದವರು ತಿಳಿಸಿರುವುದಿಲ್ಲ ಅಂತ ಇತ್ತು. "ಇದನ್ನ ನಮ್ಮ ಭಾವ ಎಲ್ಲಾರ ಮುಂದೆ ಓದಿದ್ರು" ಅಂದರು ರತ್ನಮ್ಮ. "ನೀನೇ ತಿಳಿಸಲಿಲ್ಲ ಅಂತ ಸರ್ಕಾರನೇ ಬರೆದೈತೆ, ನೀನೇ ನನ್ನ ತಮ್ಮನ್ನ ಮನೇಲಿ ಇಟ್ಕಂಡು ಕೊಂದೆ ಅಂದ್ರು. ನಮ್ಮತ್ತೆ ಅವತ್ತಿನಿಂದ ನನ್ನ ಕೈ ನೀರು ಮುಟ್ಟಲ್ಲ. ನಂಗೆ ಬೇರೇನೂ ಬ್ಯಾಡ್ರಿ. ಆ ಒಂದು ಸಾಲು ಸುಳ್ಳು ಅಂತ ಬರಕೊಡ್ಲಿ."

ಇನ್ನೊಂದು ಕಾಗದ ಮಾಹಿತಿ ಹಕ್ಕಿನಲ್ಲಿ ಪಡೆದ ಪಟ್ಟಿಯ ನಕಲು. ನಾಲ್ಕನೇ ದಿನ ತೊಂಬತ್ತೈದು. ಐದು, ತೊಂಬತ್ತೈದು. ಆರು, ತೊಂಬತ್ತೈದು. ಏಳು, ಎಂಟು, ಅವೂ ತೊಂಬತ್ತೈದು. ಒಂಬತ್ತನೇ ದಿನ, ಗುಣಮುಖ. ರತ್ನಮ್ಮ ಏಳನೇ ದಿನದ ಮೇಲೆ ಬೆರಳಿಟ್ಟರು. "ಅವತ್ತು ಮಣ್ಣು ಮಾಡಿ ಬಂದಿದ್ವಿ" ಅಂದರು.

ಆರನೇ ದಿನದಿಂದ ಬರೆದ ಕೈ ನನ್ನದಲ್ಲ. ನನ್ನ ಜಾಗದಲ್ಲಿ ಕೂತ ಯಾರೋ ನಾನು ಬಿಟ್ಟುಹೋದದ್ದನ್ನೇ ನೋಡಿ ಹಾಕಿದ್ದಾರೆ. ನನ್ನವು ಎರಡೇ ಅಂತ ಹೇಳಲು ಬಾಯಿ ತೆರೆದಿದ್ದೆ. ಹೇಳಲಿಲ್ಲ. ಆ ಎರಡು ಇಲ್ಲದಿದ್ದರೆ ಉಳಿದವು ಬರುತ್ತಿರಲಿಲ್ಲ. ಚೀಲದಿಂದ ಹಾಳೆ ತೆಗೆದೆ. ಅಲ್ಲೇ ಅವರ ಮನೆಯ ಮಣೆಯ ಮೇಲಿಟ್ಟುಕೊಂಡು ಬರೆದೆ. ಬರೆದದ್ದನ್ನು ಓದಿ ಹೇಳಿದೆ.

"ನಾಲ್ಕು ಮತ್ತು ಐದನೇ ದಿನ ನಾನು ಶ್ರೀ ಹಾಲೇಶಪ್ಪನವರಿಗೆ ಕರೆ ಮಾಡಿಲ್ಲ. ಆ ಎರಡೂ ದಿನ ತೊಂಬತ್ತೈದು ಎಂದು ನಾನೇ ತುಂಬಿದ್ದೇನೆ. ಆರನೇ ದಿನ ಅವರ ಮನೆಯಿಂದ ನನಗೆ ಎರಡು ಕರೆ ಬಂದಿದ್ದವು, ನಾನು ಸ್ವೀಕರಿಸಲಿಲ್ಲ. ಕುಟುಂಬದವರು ತಿಳಿಸಿಲ್ಲ ಎಂಬುದು ಸುಳ್ಳು. ಕಾಲಂ ಖಾಲಿ ಬಿಡಬಾರದೆಂದು ನಮಗೆ ಹೇಳಲಾಗಿತ್ತು. ಯಾರು ಹೇಳಿದರು, ಅವರಿಗೆ ಯಾರು ಹೇಳಿದರು ಎಂಬುದನ್ನು ವಿಚಾರಣೆಯಲ್ಲಿ ತಿಳಿಸಲು ಸಿದ್ಧಳಿದ್ದೇನೆ."

ಸಹಿ ಮಾಡಿದೆ. ರತ್ನಮ್ಮ ಕಾಗದವನ್ನು ತಮ್ಮ ಕಡೆಗೆ ಎಳೆದುಕೊಂಡರು. ಬೈಯಲಿಲ್ಲ, ಅಳಲೂ ಇಲ್ಲ.

"ಐದನೇ ದಿನ ನೀವು ಫೋನ್ ಮಾಡಿದ್ರೆ, ಎಂಬತ್ತೆಂಟು ಐತೆ ಅಂತ ಅವರು ಹೇಳಿದ್ರೆ, ನೀವು ಏನ್ ಅಂತಿದ್ರಿ?" ಅಂತ ಕೇಳಿದರು.

"ಈಗಿಂದೀಗ್ಲೇ ಆಸ್ಪತ್ರೆಗೆ ಹೋಗ್ರಿ ಅಂತಿದ್ದೆ."

"ಹೋಗ್ತಿದ್ರು. ನೀವು ಹೇಳಿದ್ರೆ ಹೋಗ್ತಿದ್ರು." ಕಾಗದವನ್ನು ನನ್ನ ಕಡೆಗೆ ತಿರುಗಿಸಿ ಇಟ್ಟರು. "ಅದನ್ನೂ ಬರೀರಿ."

ಸಹಿಯ ಮೇಲೆ ಒಂದು ಸಾಲಿಗೆ ಜಾಗವಿತ್ತು. ಬರೆದೆ.